ಭೂಮಿಯ ಗ್ರಹಚಾರ

ಪಟಗಾ ಸುತ್ತಿಕೊಳ್ಳುವುದು ಒಬ್ಬರ ಕೆಲಸವಲ್ಲ. ಹನ್ನೆರಡು ಮೊಳದ ಬಟ್ಟೆಯ ಒಂದು ತುದಿ ನನ್ನ ತಲೆಯ ಮೇಲಿದ್ದರೆ, ಇನ್ನೊಂದು ತುದಿಯನ್ನು ಹಿಡಿದುಕೊಂಡು ನನ್ನ ಧರ್ಮಪತ್ನಿ ಪಡಸಾಲೆಯ ಆಚೆ ಬಾಗಿಲಲ್ಲಿ ನಿಲ್ಲಬೇಕು. ಒಲೆಯ ಮೇಲಿನ ಹಾಲಿನ ಕಡೆಗೆ ಅವಳ ಒಂದು ಕಣ್ಣು, ಶಾಲೆಯ ಗಂಟೆಯ ಕಡೆಗೆ ನನ್ನ ಒಂದು ಕಿವಿ. ಇಬ್ಬರೂ ಕಂಬದಂತೆ ನಿಂತುಬಿಟ್ಟರೆ ಬಟ್ಟೆ ತಾನಾಗಿ ತಲೆಗೇರುವುದಿಲ್ಲವೆಂಬ ಸಣ್ಣ ಸತ್ಯವನ್ನು, ವಿಜ್ಞಾನದ ಮಾಸ್ತರನಾದ ನನಗೆ ಅವಳು ದಿನಾಲೂ ಬೋಧಿಸುತ್ತಾಳೆ: “ನೀವರ ನಿಂತಲ್ಲೇ ತಿರುಗ್ರಿ, ಇಲ್ಲಾ ನಾನರ ನಿಮ್ಮನ್ನ ಸುತ್ತತೇನಿ. ಇಬ್ಬರೂ ನಿಂತ್ರ ಹೆಂಗ್ರಿ?” ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಓದುಗ ಮಹಾಶಯರೆ. ನಾನು ಇಡಲಿಲ್ಲ, ಅದರ ಫಲವನ್ನು ಇನ್ನೂ ಉಣ್ಣುತ್ತಿದ್ದೇನೆ.

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಸುವವನು. ಅದನ್ನೇ ಕನ್ನಡ ಶಾಲೆಗಳ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕವಾಗಿ ಬರೆದುಕೊಡಿರೆಂದು ಹೆಡ್‌ಮಾಸ್ತರರು ಹೇಳಿದಾಗ ಉಬ್ಬಿಹೋಗಿ ಒಪ್ಪಿಕೊಂಡೆ. ಉಷ್ಣ, ಬೆಳಕು, ನಾದಗಳೆಲ್ಲ ಸರಾಗವಾಗಿ ಸಾಗಿ, ಭೂಮಿಯ ಅಧ್ಯಾಯಕ್ಕೆ ಬಂದೊಡನೆ ಗಾಡಿ ಹೂತುಕೊಂಡಿತು. ಭೂಮಿ ತನ್ನ ಅಚ್ಚಿನ ಮೇಲೆ ಮಾಡುವ ಕೆಲಸಕ್ಕೆ ಇಂಗ್ಲಿಷರು ರೊಟೇಶನ್ ಎನ್ನುತ್ತಾರೆ, ಸೂರ್ಯನಿಗೆ ಮಾಡುವ ಪ್ರದಕ್ಷಿಣೆಗೆ ರೆವಲ್ಯೂಷನ್. ನಾನು ಕ್ರಮವಾಗಿ ಭ್ರಮಣ, ಪರಿಭ್ರಮಣ ಎಂದು ಘನವಾಗಿ ಬರೆದು, ಪರೀಕ್ಷಾರ್ಥವಾಗಿ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನೋಡಿದೆ. ಅರ್ಧ ತರಗತಿ ‘ಭೂಮಿಗೆ ದಿನಕ್ಕೊಮ್ಮೆ ಭ್ರಮೆಯಾಗುತ್ತದೆ’ ಎಂದು ಬರೆದಿತ್ತು, ಉಳಿದರ್ಧ ‘ವರ್ಷಕ್ಕೊಮ್ಮೆ ಭ್ರಮೆ ಬಿಡುತ್ತದೆ’ ಎಂದು. ಬಾನಿನಲ್ಲಿ ಸೂರ್ಯನ ದಾರಿಗೆ ಜೋಯಿಸರು ಹೇಳುವ ಕ್ರಾಂತಿವೃತ್ತದ ನೆನಪಾಗಿ ‘ಭೂಮಿಯ ವಾರ್ಷಿಕ ಕ್ರಾಂತಿ’ ಎಂದು ತಿದ್ದಿದೆನೋ, ಹೆಡ್‌ಮಾಸ್ತರರು ಕೋಣೆಯ ಬಾಗಿಲು ಹಾಕಿಕೊಂಡು, ಈ ಚಳವಳಿಯ ಕಾಲದಲ್ಲಿ ಇಂಥ ಶೀರ್ಷಿಕೆ ಕಂಡರೆ ಪೊಲೀಸರು ಹಿಡಿಯುವುದು ಭೂಮಿಯನ್ನಲ್ಲ, ಲೇಖಕನನ್ನು ಎಂದು ಪಿಸುಗುಟ್ಟಿದರು. ಪಂಚಾಂಗದಲ್ಲಿ ಗ್ರಹಚಾರ ಎಂಬ ಶಬ್ದವಿದೆ. ಗ್ರಹಗಳ ಚಲನೆ ಎಂದೇ ಅದರ ಅರ್ಥ. ಆದರೆ ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಗ್ರಹಚಾರ, ನನ್ನ ಅಕ್ಕ ಹೇಳದೆ ಬಂದಿಳಿದರೂ ಗ್ರಹಚಾರ. ಅದನ್ನೂ ಹೊಡೆದುಹಾಕಿದೆ.

ರೋಸಿಹೋಗಿ ಇಂಗ್ಲಿಷ್ ಶಬ್ದಕೋಶ ತೆಗೆದೆ. ರೊಟೇಶನ್ನಿನ ತಾಯಿ ಲ್ಯಾಟಿನ್ನಿನ ‘ರೋಟಾ’, ಅಂದರೆ ಗಾಲಿ, ನಮ್ಮ ರಥಕ್ಕೆ ದೂರದ ದಾಯಾದಿ. ರೆವಲ್ಯೂಷನ್ ಎಂದರೆ ಮೂಲದಲ್ಲಿ ಹಿಂದಕ್ಕೆ ಉರುಳುವುದು. ಯುರೋಪಿನವರು ಒಂದು ಗಾಲಿಯಿಂದ ಇಷ್ಟು ಕೆಲಸ ತೆಗೆದರಲ್ಲ, ಬಾನಿನ ಲೆಕ್ಕದಲ್ಲಿ ಪಳಗಿದ ಫಾರಸಿಯವರು ಏನು ಮಾಡಿದರೋ ನೋಡೋಣವೆಂದು ನಮ್ಮ ಶಾಲೆಯ ಫಾರಸಿ ಮುನ್ಶಿಯವರ ಬಳಿ ಹೋದೆ. ಹೋಗಬಾರದಿತ್ತು ಎಂದು ಆಗ ಅನ್ನಿಸಿತು.

ಮುನ್ಶಿಯವರು ಖಾನಾಪುರದವರು. ದಿನವೂ ಮುಂಜಾನೆ ರೈಲು ಹತ್ತಿ ಬೆಳಗಾವಿಗೆ ಬಂದು ಸಂಜೆ ಮರಳುವ ವೃದ್ಧರು. ಹುಡುಗರೆಲ್ಲ ಸಂಸ್ಕೃತದ ವರ್ಗಕ್ಕೆ ನುಗ್ಗಿ, ಫಾರಸಿಗೆ ಉಳಿದವರು ಇಬ್ಬರೇ. ಮೂವರಾದರೂ ಇಲ್ಲದಿದ್ದರೆ ದೀಪಾವಳಿಗೆ ವರ್ಗ ಮುಚ್ಚಿ ಮುನ್ಶಿಯವರನ್ನು ಮನೆಗೆ ಕಳಿಸಬೇಕೆಂದು ಆಡಳಿತದವರು ನಿಶ್ಚಯಿಸಿದ್ದರು. ಶಾಲಾ ಇನ್ಸ್‌ಪೆಕ್ಟರರು ಬಂದು ತಲೆ ಎಣಿಸುವುದಷ್ಟೇ ಬಾಕಿ. ಇದು ನನಗೂ ಗೊತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಒಂದೇ ಒಂದು ಶಬ್ದ.

“ಬರ್ರಿ ಮಾಸ್ತರ, ಕುಂದರ್ರಿ. ಶಬ್ದ ಅಂದ್ರ ಹಂಗ ಬಾಗಲಾಗ ನಿಂತು ಕೇಳೂದಲ್ರಿ,” ಎಂದು ಅವರು ನನ್ನನ್ನು ಆ ಇಬ್ಬರ ಬಾಜುವಿನಲ್ಲೇ ಬೆಂಚಿನ ಮೇಲೆ ಕೂರಿಸಿದರು. ಫಾರಸಿ ವರ್ಗ ನಡೆಯುತ್ತಿದ್ದದ್ದೇ ಮಧ್ಯಾಹ್ನದ ಬಿಡುವಿನಲ್ಲಿ. ಎರಡು ನಿಮಿಷಕ್ಕೆಂದು ಹೋದವನು ಮೂರು ವಾರ ಹೋದೆ. ಮೊದಲ ವಾರ ‘ಚರ್ಖ್’: ಗಾಲಿಯೂ ಹೌದು, ಆಕಾಶವೂ ಹೌದು, ನಮ್ಮ ಚಕ್ರದ ಒಡಹುಟ್ಟು, ಈಗ ಊರಿಗೆ ಊರೇ ನೂಲುತ್ತಿರುವ ಚರಕವೂ ಅದರ ಸಂತಾನವೇ. ಎರಡನೆಯ ವಾರ ‘ದೌರ್’: ಅರಬರಿಂದ ಫಾರಸಿಗೆ ಬಂದದ್ದು, ಸಾಹೇಬರು ಊರೂರು ತಪಾಸಣೆಗೆ ದೌರಾ ಹೊರಡುವಾಗ ತಾವು ಗ್ರಹಗಳಂತೆ ಸುತ್ತುತ್ತಿದ್ದೇವೆಂದು ಅವರಿಗೆ ತಿಳಿಯದು. ವಂಶಾವಳಿಯ ಮೇಲೆ ವಂಶಾವಳಿ! ನಡುನಡುವೆ ಅಲಿಫ್, ಬೇ ಎಂದು ಅಕ್ಷರ ತೀಡಿಸುವುದು ಬೇರೆ. ಡಬ್ಬಿಯಲ್ಲಿ ನನ್ನ ರೊಟ್ಟಿ ಒಣಗುತ್ತಿತ್ತು, ಪುಸ್ತಕದ ವಾಯಿದೆ ಮೀರುತ್ತಿತ್ತು, ನನ್ನ ಜೀಮ್ ಅಕ್ಷರ ಸೊಟ್ಟಗಾಗಿದೆಯೆಂದು ಆ ಇಬ್ಬರು ಕಿಸಕ್ಕನೆ ನಗುತ್ತಿದ್ದರು.

ಮೂರನೆಯ ವಾರ ‘ಗರ್ದಿಶ್’ ಬಂತು. ತಿರುಗುವಿಕೆಗೆ ಅಪ್ಪಟ ಫಾರಸಿ ಶಬ್ದ. ನಮ್ಮ ಊರಿನ ಪೊಲೀಸರ ಗಸ್ತಿ ಅದರ ತಮ್ಮ. ಸಿಕ್ಕಿತಪ್ಪಾ ಎಂದು ನಾನು ಪೆನ್ಸಿಲ್ ಎತ್ತುವಷ್ಟರಲ್ಲಿ ಮುನ್ಶಿಯವರು ಕಿಟಕಿಯ ಕಡೆ ನೋಡುತ್ತ, “ಆದ್ರ ಮಾಸ್ತರ, ಭೂಮಿ ತಿರುಗಿದ್ರೂ ಗರ್ದಿಶ್, ಮನಷ್ಯಾಗ ಕೆಟ್ಟ ದಿನಾ ಬಂದ್ರೂ ಗರ್ದಿಶ್‌ರೀ,” ಎಂದು ನಕ್ಕರು. ನನ್ನ ತಲೆ ತಿರುಗಿತು. ಮೂರು ಭಾಷೆಗಳ ಗಾಲಿ ಸವೆಸಿ ನಾನು ತಲುಪಿದ್ದು ಮತ್ತದೇ ಗ್ರಹಚಾರಕ್ಕೆ, ನಮ್ಮ ಮನೆಯ ಉಕ್ಕಿದ ಹಾಲಿಗೆ! ಸಿಟ್ಟಿನಿಂದ ಎದ್ದುಬಂದೆ. ಅವರು ಹೇಳಿದ್ದು ಭೂಮಿಯ ಮಾತಲ್ಲ, ತಮ್ಮ ಮಾತು ಎಂಬುದು ಈ ದಡ್ಡನಿಗೆ ಹೊಳೆಯಲಿಲ್ಲ.

ಮರುದಿನ ಬೇಕೆಂತಲೇ ಹೋಗಲಿಲ್ಲ. ಮಾಸ್ತರರ ಕೋಣೆಯಲ್ಲಿ ಕುಳಿತು ರೊಟ್ಟಿಯನ್ನು ಒಣಗುವ ಮೊದಲೇ ತಿಂದೆ. ಸಂಜೆ ಹೆಡ್‌ಮಾಸ್ತರರು ನಗುತ್ತ ಬಂದರು: ಇನ್ಸ್‌ಪೆಕ್ಟರರು ಬಿಡುವಿನ ಹೊತ್ತಿನಲ್ಲೇ ಬಂದು ಫಾರಸಿ ವರ್ಗದಲ್ಲಿ ಇಬ್ಬರನ್ನು ಎಣಿಸಿ, ಮೂರನೆಯವನೆಲ್ಲಿ ಎಂದು ಕೇಳಿದರಂತೆ. ಮುನ್ಶಿಯವರು ಎದ್ದು ನಿಂತು, “ಇನ್ನೊಬ್ರು ಅದಾರ್ರೀ ಸಾಹೇಬ್ರ, ದಿನಾ ಬರ್ತಾರ. ಇವತ್ತಷ್ಟ ಬಂದಿಲ್ಲ,” ಎಂದರಂತೆ. ಹಾಜರಿ ಪುಸ್ತಕದಲ್ಲಿ ಮೂರನೆಯ ಸಾಲಿಗೆ ಫಾರಸಿ ಲಿಪಿಯಲ್ಲಿ ನನ್ನ ಹೆಸರಿತ್ತಂತೆ. ಹೆಡ್‌ಮಾಸ್ತರರಿಗೆ ಅದು ಭಾರೀ ವಿನೋದವಾಗಿ ಕಂಡಿತ್ತು. ಮಾಸ್ತರನನ್ನು ವಿದ್ಯಾರ್ಥಿಯೆಂದು ಯಾವ ಕಾಯಿದೆಯೂ ಒಪ್ಪುವುದಿಲ್ಲ, ನಾನಿದ್ದರೂ ವರ್ಗ ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ನಾಚಿಕೆ ಮಾತ್ರ ಹೋಗಲಿಲ್ಲ. ದೀಪಾವಳಿಗೆ ಫಾರಸಿ ವರ್ಗ ಮುಚ್ಚಿತು. ನಾನು ಎದುರಿಗೆ ಹೋಗಲು ಧೈರ್ಯ ಮಾಡುವ ಮೊದಲೇ ಮುನ್ಶಿಯವರು ಖಾನಾಪುರಕ್ಕೆ ಹೊರಟುಹೋಗಿದ್ದರು.

ಅದಾದ ಮೇಲೆ ಒಂದು ಮುಂಜಾನೆ ಪಡಸಾಲೆಯಲ್ಲಿ ಕಂಬವಾಗಿ ನಿಂತಿದ್ದೆ. ಆಚೆ ತುದಿಯಿಂದ ಅದೇ ಮಾತು ಬಂತು: “ನೀವರ ನಿಂತಲ್ಲೇ ತಿರುಗ್ರಿ, ಇಲ್ಲಾ ನಾನರ ನಿಮ್ಮನ್ನ ಸುತ್ತತೇನಿ.” ನಿಂತಲ್ಲೇ ತಿರುಗುವುದು, ಸುತ್ತುವುದು. ಎರಡು ಚಲನೆ, ಎರಡು ಶಬ್ದ, ಹನ್ನೆರಡು ಮೊಳದ ಅಂತರದಲ್ಲಿ! ಅರ್ಧ ಸುತ್ತಿದ ಪಟಗಾದಲ್ಲೇ ಕುಳಿತು ಅಧ್ಯಾಯ ಮುಗಿಸಿದೆ. ಹಾಲು ಉಕ್ಕಿತು.

ಮುಗಿದ ಅಧ್ಯಾಯವನ್ನು ತೋರಿಸುವ ನೆಪದಿಂದ ರವಿವಾರ ಖಾನಾಪುರಕ್ಕೆ ಹೋದೆ. ಹೊಳೆಯ ಹತ್ತಿರದ ಹಂಚಿನ ಮನೆಯಲ್ಲಿ ಮುನ್ಶಿಯವರು ಪಟಗಾದ ಕಥೆಯ ಸಮೇತ ಪೂರ್ತಿ ಓದಿಸಿ ಕೇಳಿ, “ಎರಡೂ ಶಬ್ದ ನಿಮ್ಮ ಮನ್ಯಾಗ ಇದ್ವು. ಮತ್ತ ನನ್ನ ಕಡೆ ಯಾಕ ಬರ್ತಿದ್ರಿ ಮಾಸ್ತರ?” ಎಂದರು. ಉತ್ತರಕ್ಕೂ ಕಾಯದೆ ಗೂಡಿನಿಂದ ಹಲಗೆ ತೆಗೆದು ನನ್ನ ಮುಂದಿಟ್ಟರು. “ಕುಂದರ್ರಿ. ಜೀಮ್ ಇನ್ನೂ ಸೊಟ್ಟ ಐತಿ.”

ಅಂದಿನಿಂದ ಅವರು ಇದ್ದಲ್ಲೇ ಇದ್ದಾರೆ, ರವಿವಾರಕ್ಕೊಮ್ಮೆ ರೈಲು ಹತ್ತುವವನು ನಾನು. ಇವತ್ತೂ ರವಿವಾರ. ಪಟಗಾದ ತುದಿ ಹಿಡಿದು ನಿಂತ ನನ್ನ ಹೆಂಡತಿ ಬೇಸತ್ತು, “ರವಿವಾರನೂ ಎಲ್ಲಿ ಸುತ್ತಾಕ ಹೊಂಟ್ರಿ?” ಎಂದಳು.

“ಸುತ್ತಾಕ ಅಲ್ಲ,” ಎಂದೆ, ನಿಂತಲ್ಲೇ ತಿರುಗುತ್ತ, “ಸಾಲಿ ಕಲಿಯಾಕ.”