ಕೀಲಿ ಇರುವ ಫೋನು

ಬಸವಕಲ್ಯಾಣದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ವಾರ್ಡನ್. ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗಿಯರು ಇಲ್ಲಿದ್ದು ಶಾಲೆ ಕಲಿಯುತ್ತಾರೆ. ಅವರ ಊಟ, ಜ್ವರ, ಜಗಳ, ತಲೆಯ ಹೇನು ಎಲ್ಲ ನನ್ನ ಪಾಲಿಗೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಒಂದು ಫೋನು ಕೊಳ್ಳುವ ಸಲುವಾಗಿ ಹೋದ ವರ್ಷ ನನ್ನೊಳಗೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಹುಡುಗಿಯರ ಹತ್ತಿರ ಮೊಬೈಲ್ ಇರಬಾರದು ಎಂಬುದು ಹಾಸ್ಟೆಲ್ ನಡೆಸುವ ಕಮಿಟಿಯ ನಿಯಮ. ಅದಕ್ಕೆ ನನ್ನ ತಕರಾರಿಲ್ಲ. ಮನೆಗೆ ಮಾತಾಡಬೇಕೆಂದರೆ ಸಂಜೆ ಆಫೀಸಿಗೆ ಬಂದು, ಆಫೀಸಿನ ಮೊಬೈಲಿನಲ್ಲಿ ಸ್ಪೀಕರ್ ಹಾಕಿ, ಗುಮಾಸ್ತರ ಎದುರಿಗೇ ಮಾತಾಡಬೇಕು ಎಂಬುದು ಇನ್ನೊಂದು ನಿಯಮ. ನನಗೆ ಸಿಟ್ಟು ಬರುತ್ತಿದ್ದುದು ಇದಕ್ಕೆ. ಗುಮಾಸ್ತರು ಕೆಟ್ಟವರೇನಲ್ಲ. ಆದರೆ ಗಂಡಸೊಬ್ಬ ಎದುರಿಗೆ ಕೂತು ಕಿವಿ ಕೊಟ್ಟಿರುವಾಗ ಏಳನೇ ಕ್ಲಾಸಿನ ಹುಡುಗಿ ತಾಯಿಗೆ ಏನು ತಾನೇ ಹೇಳುತ್ತಾಳೆ? ಆರಾಮ್ ಅದೀನಿ, ಉಂಡೀನಿ, ಇಡ್ತೀನಿ. ಮೈ ಸುಡುವ ಜ್ವರದಲ್ಲಿದ್ದವಳೂ ಇಷ್ಟನ್ನೇ ಹೇಳಿ ಹೋಗುತ್ತಿದ್ದಳು. ಒಮ್ಮೆ ನನ್ನ ಮೊಬೈಲ್ ಕೊಟ್ಟು ಒಬ್ಬಳಿಗೆ ಅಂಗಳದಲ್ಲಿ ಮಾತಾಡಿಸಿದೆ. ಆ ಸುದ್ದಿ ಹೇಗೋ ಮೇಲಿನವರೆಗೆ ಹೋಯಿತು. ಇನ್ನೊಮ್ಮೆ ಹೀಗಾದರೆ ಬೇರೆ ವಾರ್ಡನ್ ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು.

ದಸರೆಯ ರಜೆ ಮುಗಿಸಿ ಬಂದ ಮೇಲೆ ಕೊಹಿನೂರು ಎಂಬ ಹಳ್ಳಿಯ ಒಂದು ಹುಡುಗಿ ಸಪ್ಪಗಾದಳು. ಕೂಲಿ ಮಾಡುವವರ ಮಗಳು. ಸಾಮಾನ್ಯವಾಗಿ ಅವಳ ಬಾಯಿ ಮುಚ್ಚಿಸುವುದೇ ನನಗೆ ದೊಡ್ಡ ಕೆಲಸ. ಈಗ ನೋಡಿದರೆ ಅರ್ಧ ರೊಟ್ಟಿ ತಿಂದು ಏಳುತ್ತಾಳೆ, ಸಂಜೆ ಆಫೀಸಿನ ಬಾಗಿಲಿಗೆ ಬರುತ್ತಾಳೆ, ಒಳಗೆ ಇಣುಕಿ ತಿರುಗಿ ಹೋಗುತ್ತಾಳೆ. ಬದಿಗೆ ಕರೆದು ಕೇಳಿದೆ. ಮೊದಲು ಏನಿಲ್ಲ ಎಂದಳು. ಬಿಡದೆ ಕೇಳಿದಾಗ ನೆಲ ನೋಡುತ್ತ ಹೇಳಿದಳು.

"ಅವ್ವನ ಜೋಡಿ ಮಾತಾಡಬೇಕ್ರಿ ಅಕ್ಕೋರೆ. ನಾ ಒಬ್ಬಾಕೀನೇ."

ಅಷ್ಟೇ ಅವಳಿಗೆ ಬೇಕಾಗಿದ್ದುದು. ಭೇಟಿಯ ದಿನ ಬರುತ್ತಿದ್ದುದು ಅಪ್ಪ; ಕೂಲಿ ಬಿಟ್ಟು ತಾಯಿಗೆ ಬರಲಾಗುತ್ತಿರಲಿಲ್ಲ. ಭಾನುವಾರ ಅಪ್ಪ ಫೋನ್ ಹಚ್ಚಿ ತಾಯಿಯ ಕೈಗೆ ಕೊಡುತ್ತಿದ್ದನಾದರೂ ಆ ಕಡೆ ಅಪ್ಪ, ಈ ಕಡೆ ಗುಮಾಸ್ತರು; ನಡುವೆ ತಾಯಿ ಮಗಳು ಹವಾಮಾನದ ಸುದ್ದಿ ಓದಿದ ಹಾಗೆ ಮಾತಾಡಿ ಮುಗಿಸುತ್ತಿದ್ದರು. ನಾನು ಅದೇ ವಾರ ಕಮಿಟಿಯ ಮುಂದೆ ಕೂತೆ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಂದು ಲ್ಯಾಂಡ್‌ಲೈನ್ ಹಾಕಿಸಿಕೊಡಿ, ಹುಡುಗಿಯರು ತಮ್ಮ ತಾಯಂದಿರ ಹತ್ತಿರ ತಾವೇ ಮಾತಾಡಿಕೊಳ್ಳಲಿ ಎಂದೆ.

ಕಮಿಟಿಯ ಅಧ್ಯಕ್ಷರು ಕಾಳಿನ ವ್ಯಾಪಾರಿ. ಊರಲ್ಲಿ ಎಲ್ಲರಿಗೂ ಸಾಹುಕಾರರು. ಫೋನಿಗೆ ಅವರು ಬೇಗ ಒಪ್ಪಿದರು, ಆಮೇಲೆ ಕೀಲಿಯ ಮಾತು ತೆಗೆದರು. ಬರುವ ಫೋನು ಬರಲಿ, ಇಲ್ಲಿಂದ ಹುಡುಗಿಯರು ಯಾರಿಗೂ ಹಚ್ಚಬಾರದು ಎಂದರು. ಹಾಗಿದ್ದರೆ ಹೊರಹೋಗುವ ಕರೆಯನ್ನೇ ಬಂದ್ ಮಾಡಿಸಬಹುದಿತ್ತು. ಆದರೆ ತಿಂಗಳ ಬಾಡಿಗೆಯಲ್ಲಿ ಎಷ್ಟು ಮಾತಾಡಿದರೂ ನಡೆಯುತ್ತದೆಂದು ಗೊತ್ತಾಗಿ, ಕಮಿಟಿಯವರಿಗೆ ತಮ್ಮ ಫೋನುಗಳನ್ನೂ ಇಲ್ಲಿಂದಲೇ ಮಾಡುವ ಆಸೆ ಹುಟ್ಟಿತ್ತು. ಆದ್ದರಿಂದ ಕೀಲಿ ಇರುವ ಫೋನೇ ಬೇಕು, ಕೀಲಿಕೈ ಅಧ್ಯಕ್ಷರ ಹತ್ತಿರ. ಈ ಮಕ್ಕಳು ತಾಯಿಗಲ್ಲದೆ ಇನ್ಯಾರಿಗೆ ಹಚ್ಚುತ್ತಾರೆ ಎಂದು ಕೇಳಿದ್ದಕ್ಕೆ ಸಾಹುಕಾರರು ನಕ್ಕರು.

"ನಿಮಗ ತಿಳಿಯಂಗಿಲ್ಲ ಅಕ್ಕೋರೆ. ಈಗಿನ ಕಾಲ ಹ್ಯಾಂಗದ ಅಂತ."

ಈ ಹುಡುಗಿಯರ ಜೊತೆ ಒಂದೇ ಸೂರಿನಡಿ ಮಲಗಿ ಏಳುವ ನನಗೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುವ ಇವರಿಗೆ ತಿಳಿಯುತ್ತದೆ.

ಬಸವಕಲ್ಯಾಣದಲ್ಲಿ ಈಗ ಲ್ಯಾಂಡ್‌ಲೈನ್ ಸೆಟ್ ಇಡುವ ಅಂಗಡಿಯೇ ಇಲ್ಲ. ಹುಮನಾಬಾದಿನಲ್ಲಿ ತಮ್ಮ ಪರಿಚಯದ ಅಂಗಡಿಯೊಂದಿದೆ ಎಂದು ಸಾಹುಕಾರರು ಕಾರು ತೆಗೆದರು. ನಾನೂ ಬರುತ್ತೇನೆ ಎಂದು ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತೆ. ಬಂಗ್ಲಾ ಕ್ರಾಸ್ ದಾಟಿ ಹೈವೇ ಹಿಡಿದ ಮೇಲೆ ದಾರಿಯುದ್ದಕ್ಕೂ ಅವರು ಕಾಲ ಕೆಟ್ಟ ಬಗ್ಗೆ ಹೇಳುತ್ತಲೇ ಇದ್ದರು. ಹುಮನಾಬಾದ್ ನನ್ನ ತವರು. ಆ ದಾರಿಯಲ್ಲಿ ನಾನು ಅಷ್ಟು ಗಂಟುಮೋರೆ ಹಾಕಿಕೊಂಡು ಹೋದದ್ದು ಅದೇ ಮೊದಲು.

ಅಂಗಡಿಯವನು ಮೇಲಿನ ಹಲಗೆಯಿಂದ ಮೂರು ಸೆಟ್ ಇಳಿಸಿ ಧೂಳು ಒರೆಸಿದ. ಒಂದು ವೈರಿಲ್ಲದ್ದು, ಕೈಯಲ್ಲಿ ಹಿಡಿದು ಮಾಳಿಗೆಯವರೆಗೂ ಹೋಗಬಹುದಿತ್ತು. ನನ್ನ ಕೈ ಅದರ ಕಡೆ ಹೋಗುವುದರೊಳಗೆ ಸಾಹುಕಾರರು ಅದನ್ನು ಬದಿಗೆ ಸರಿಸಿದರು. ಇನ್ನೊಂದು ಕೆಂಪನೆಯದು, ದೊಡ್ಡ ಗುಂಡಿಗಳು, ಗಟ್ಟಿಯಾದ ಗಂಟೆ. ಅದೂ ಬೇಡವಾಯಿತು. ಮೂರನೆಯದು ಬೂದಿ ಬಣ್ಣದ್ದು. ಅದರ ಅಂಕಿಗಳ ಮೇಲೆ ಒಂದು ಮುಚ್ಚಳ, ಮುಚ್ಚಳಕ್ಕೊಂದು ಸಣ್ಣ ಕೀಲಿ. ಸಾಹುಕಾರರು ಅದನ್ನು ತೆಗೆದು, ಹಾಕಿ, ಎಳೆದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಪರೀಕ್ಷೆ ಮಾಡಿದರು. ನಾನು ಅಲ್ಲೇ, ಅಂಗಡಿಯವನ ಎದುರಿಗೇ, ಇದು ಹಾಸ್ಟೆಲು, ಜೈಲಲ್ಲ ಎಂದುಬಿಟ್ಟೆ. ಪಾಪ, ಅವನು ಬೇರೆ ಕಡೆ ಮುಖ ಮಾಡಿ ಮತ್ತೆ ಧೂಳು ಒರೆಸತೊಡಗಿದ. ಸಾಹುಕಾರರು ಕೇಳಿಸದವರಂತೆ ಚೌಕಾಸಿಗೆ ಇಳಿದರು.

ಆಗ ನನ್ನ ಕಣ್ಣು ಆ ಫೋನಿನ ರಿಸೀವರ್ ಇಡುವ ಜಾಗದ ಮೇಲೆ ಬಿತ್ತು. ರಿಸೀವರ್ ಇಟ್ಟಾಗ ಒತ್ತಿಕೊಂಡು ಲೈನು ಕಡಿಯುವ ಚಿಕ್ಕ ಗುಂಡಿ ಮುಚ್ಚಳದಿಂದ ಹೊರಗಿತ್ತು.

ಇದೇ ಹುಮನಾಬಾದಿನ ನಮ್ಮ ಮನೆಯಲ್ಲಿ, ನಾನು ಚಿಕ್ಕವಳಿದ್ದಾಗ, ತಿರುಗಿಸುವ ಕಪ್ಪು ಫೋನೊಂದಿತ್ತು. ಅದರ ತೂತಿಗೆ ಅಪ್ಪ ಒಂದು ಕೀಲಿ ಸಿಕ್ಕಿಸಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಿದ್ದ. ಅವ್ವ ತವರಿಗೆ ಫೋನ್ ಹಚ್ಚಿ ಮನೆಯ ಮಾತು ಹೊರಗೆ ಹಾಕುತ್ತಾಳೆ ಎಂಬುದು ಅವನ ಸಂಶಯ. ಅಪ್ಪ ಓಣಿ ದಾಟಿದ ಮೇಲೆ ಅವ್ವ ರಿಸೀವರ್ ಎತ್ತಿ, ಅದನ್ನು ಇಡುವ ಜಾಗದ ಗುಂಡಿಯನ್ನು ಬೆರಳಿನಿಂದ ಬಡಿಯುತ್ತಿದ್ದಳು. ಮೂರಕ್ಕೆ ಮೂರು ಸಲ, ಏಳಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ. ಒಂದು ಅಂಕಿ ಆದ ಮೇಲೆ ಚೂರು ತಡೆದು ಮುಂದಿನದು. ಫೋನು ಹೋಗುತ್ತಿತ್ತು. ಪಕ್ಕದ ಮನೆಯ ಸೊಸೆ ಅವ್ವನಿಗೆ ಕಲಿಸಿದ್ದು ಅದು. ಆ ಮನೆಯ ಫೋನಿಗೂ ಕೀಲಿ ಇತ್ತು. ನಮ್ಮ ಮನೆಯ ಕೀಲಿ ಎಷ್ಟು ಭದ್ರ ಎಂದು ಅಪ್ಪ ಕೊನೆಯವರೆಗೂ ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದ.

ನಾನು ಕೈ ಚಾಚಿ ಆ ಬೂದಿ ಬಣ್ಣದ ಫೋನಿನ ಗುಂಡಿಯನ್ನು ಎರಡು ಸಲ ಒತ್ತಿ ನೋಡಿದೆ. ಚೆನ್ನಾಗಿ ಪುಟಿಯಿತು. ಇದೇ ಇರಲಿ ಎಂದೆ.

"ಈಗ ತಿಳೀತು ನೋಡ್ರಿ ನಿಮಗ," ಎಂದರು ಸಾಹುಕಾರರು. ಆ ಖುಷಿಯಲ್ಲಿ ನಾನು ಕೇಳಿದ ಉದ್ದನೆಯ ವೈರನ್ನೂ ಕೊಡಿಸಿದರು.

ಲೈನು ಬರುವ ಹೊತ್ತಿಗೆ ಇನ್ನೂ ಕೆಲವು ವಾರ ಹೋದವು. ಆ ಹುಡುಗಿ ದಿನಾ ಸಂಜೆ ಖಾಲಿ ಮೂಲೆಯನ್ನು ನೋಡಿ ಹೋಗುತ್ತಿದ್ದಳು. ಕೊನೆಗೆ ಫೋನು ಕೂತಿತು, ಸಾಹುಕಾರರು ಬಂದು ಕೀಲಿ ಹಾಕಿ, ಕೀಲಿಕೈಯನ್ನು ತಮ್ಮ ಗೊಂಚಲಿಗೆ ಸೇರಿಸಿಕೊಂಡರು. ಅವರ ಕಾರು ಹೋದದ್ದನ್ನು ನೋಡಿ ನಾನು ರಿಸೀವರ್ ಎತ್ತಿದೆ. ಅವ್ವನ ವಿದ್ಯೆ ಈಗಿನ ಲೈನಿನಲ್ಲಿ ನಡೆಯುತ್ತದೋ ಇಲ್ಲವೋ ನನಗೆ ಖಾತ್ರಿ ಇರಲಿಲ್ಲ. ಮೊದಲ ಸಲ ಏನೂ ಆಗಲಿಲ್ಲ. ಆಮೇಲೆ ಯಾರೋ ಅಪರಿಚಿತರಿಗೆ ಹೋಗಿ ಬೈಸಿಕೊಂಡೆ. ಮತ್ತೆ ನಿಧಾನಕ್ಕೆ ಬಡಿದೆ. ಹುಮನಾಬಾದಿನಲ್ಲಿ ತಮ್ಮನ ಮನೆಯಲ್ಲಿರುವ ಅವ್ವ ಎತ್ತಿದಳು. ಇದು ಯಾರ ನಂಬರು ಎಂದು ಕೇಳಿದಳು. ಹಾಸ್ಟೆಲಿನ ಹೊಸ ಫೋನು, ಅದಕ್ಕೆ ಕೀಲಿ ಹಾಕಿದ್ದಾರೆ, ನಿನ್ನ ಹಾಗೆ ಬಡಿದು ಹಚ್ಚಿದೆ ಎಂದು ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ.

"ಇನ್ನಾ ಕೀಲಿ ಹಾಕ್ತಾರೇನ್ ಯವ್ವಾ?" ಎಂದಳು.

ಹೂಂ ಎಂದಷ್ಟೇ ಹೇಳಿ ಇಟ್ಟೆ.

ಮರುದಿನ ಸಂಜೆ ಗುಮಾಸ್ತರು ಮನೆಗೆ ಹೋದ ಮೇಲೆ ಕೊಹಿನೂರಿನ ಹುಡುಗಿಯನ್ನು ಮೆಟ್ಟಿಲ ಕೆಳಗೆ ಕೂರಿಸಿ ಕಲಿಸಿದೆ. ತಾಯಿ ಆ ಹೊತ್ತಿಗೆ ಹೊಲದಿಂದ ಬಂದಿರುತ್ತಾಳೆ, ನೆರೆಮನೆಯ ಕಾಕಿಯ ಮೊಬೈಲಿಗೆ ಹಚ್ಚಿದರೆ ಕರೆದು ಕೊಡುತ್ತಾಳೆ ಎಂದಳು. ಅವಸರದಲ್ಲಿ ಅವಳ ಲೆಕ್ಕ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ, ಮತ್ತೆ ಮೊದಲಿನಿಂದ. ಆ ಕಡೆ ಗಂಟೆ ಬಾರಿಸಿದ್ದೇ ನಾನು ಎದ್ದು ಅಂಗಳಕ್ಕೆ ಬಂದು, ಯಾರೂ ಒಳಗೆ ಹೋಗದಂತೆ ಬಾಗಿಲಲ್ಲಿ ನಿಂತೆ. ಅವಳು ವೈರನ್ನು ಇನ್ನೂ ಒಳಕ್ಕೆ ಎಳೆದುಕೊಂಡು, ಎರಡೂ ಕೈಯಲ್ಲಿ ರಿಸೀವರ್ ಹಿಡಿದು, ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಹಳ ಹೊತ್ತು ಮಾತಾಡಿದಳು.

ಹೊರಗೆ ಬಂದಾಗ ಕಣ್ಣು ಬಾತಿದ್ದವು, ಮುಖ ಹಗುರಾಗಿತ್ತು. ದಸರೆಯ ರಜೆ ಮುಗಿಸಿ ಬಂದ ವಾರವೇ ತಾನು ದೊಡ್ಡವಳಾದೆ ಎಂದು ಆಗ ನನಗೆ ಹೇಳಿದಳು. ಮೇಲಿನ ಕ್ಲಾಸಿನ ಒಬ್ಬಳಿಗೆ ಮಾತ್ರ ಗೊತ್ತಿತ್ತಂತೆ. ಅಷ್ಟು ಸಲ ಕೇಳಿದೆನಲ್ಲ, ನನಗ್ಯಾಕೆ ಹೇಳಲಿಲ್ಲ ಎಂದೆ.

"ಅವ್ವಗ ಮೊದಲ ಹೇಳಬೇಕಂತ ಇತ್ರಿ."

ನ್ಯಾಯವಾದ ಮಾತು. ನಮ್ಮ ಕಡೆ ಯಾವ ಮನೆಯಲ್ಲಾದರೂ ಆ ಸುದ್ದಿ ಮೊದಲು ಹೋಗುವುದು ತಾಯಿಗೆ. ಅದನ್ನು ಸ್ಪೀಕರಿನಲ್ಲಿ, ಗುಮಾಸ್ತರ ಮುಂದೆ ಹೇಳಬೇಕಾಗಿತ್ತೇ? ಅಷ್ಟು ದಿನ ಆ ಮಗು ಅದನ್ನು ಒಂಟಿಯಾಗಿ ಹೊತ್ತುಕೊಂಡು ತಿರುಗಿತಲ್ಲ.

ಮರುದಿನ ಬೆಳಗಿನ ಬಸ್ಸಿಗೆ ತಾಯಿ ಬಂದಳು, ಕೂಲಿ ಬಿಟ್ಟು. ಡಬ್ಬಿಯಲ್ಲಿ ಅಂಟಿನ ಉಂಡೆ, ಕಾಗದದಲ್ಲಿ ಸುತ್ತಿದ ಹಸಿರು ಬಳೆ. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಾಯಿಗೆ ಉಂಡೆ ಮುರಿದು ಹಾಕುತ್ತಿರುವಾಗ ಸಾಹುಕಾರರ ಕಾರು ಬಂತು. ಇವತ್ತು ಭೇಟಿಯ ದಿನವಲ್ಲ, ಯಾರು ಹೇಳಿ ಕಳಿಸಿದರು ಎಂದು ಕೇಳಿದರು. ತಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಮಗಳು ಫೋನ್ ಹಚ್ಚಿದ್ದಳು ಎಂದು ಇದ್ದದ್ದನ್ನೇ ಹೇಳಿದಳು.

ಸಾಹುಕಾರರು ಮೆಟ್ಟಿಲ ಕೆಳಗೆ ಹೋಗಿ ಬಗ್ಗಿ ನೋಡಿದರು. ಕೀಲಿ ಹಾಕಿದ ಹಾಗೇ ಇತ್ತು. ಜೇಬು ಮುಟ್ಟಿಕೊಂಡರು. ಗೊಂಚಲು ಅಲ್ಲೇ ಇತ್ತು. ಆಮೇಲೆ ನನ್ನನ್ನು ನೋಡಿದರು. ನಾನೂ ಕಣ್ಣು ಕೆಳಗಿಳಿಸದೆ ಅವರನ್ನೇ ನೋಡಿದೆ, ಬಾಯಿ ಬಿಡಲಿಲ್ಲ. ಈಗ ಇದನ್ನು ಅವರು ಓದಿದರೆ ಓದಲಿ.

ಮುಂದಿನ ವಾರ ಅವರು ತಾವೇ ಬಂದು ಅದೇ ಮುಚ್ಚಳಕ್ಕೆ ಇನ್ನೊಂದು ಕೀಲಿ ಜಡಿದರು, ಮೊದಲಿನದಕ್ಕಿಂತ ದೊಡ್ಡದು. ಹುಡುಗಿಯರೆಲ್ಲ ಸಾಲಾಗಿ ನಿಂತು ಗಂಭೀರವಾಗಿ ನೋಡಿದರು.

ಈಗ ಸಂಜೆಯಾದರೆ ಮೆಟ್ಟಿಲ ಕೆಳಗಿನಿಂದ ಟಕಟಕ ಶಬ್ದ ನನ್ನ ಕೋಣೆಗೆ ಕೇಳಿಸುತ್ತದೆ. ಕೊಹಿನೂರಿನ ಹುಡುಗಿ ಚಿಕ್ಕವರಿಗೆಲ್ಲ ಕಲಿಸಿಬಿಟ್ಟಿದ್ದಾಳೆ. ಕೇಳಿ ನನಗೆ ಖುಷಿಯಾಗಬೇಕು. ಆಗುವುದಿಲ್ಲ. ಅಪ್ಪನ ಕೀಲಿಗೆ ಹೆದರಿ ನನ್ನ ಅವ್ವ ಕಲಿತದ್ದನ್ನು ಈ ಮಕ್ಕಳಿಗೂ ನಾನೇ ಕಲಿಸಬೇಕಾಗಿ ಬಂತಲ್ಲ ಎಂದು ಮೈ ಉರಿಯುತ್ತದೆ.