ಸೋಬಾನೆ ಪದಗಳು ಪರದೆಗೆ ಬಂದ ವಿಜಯದಶಮಿ

ತಪ್ಪು ನನ್ನದೇ. ಈ ಕಥೆ ಹೇಳುವಾಗೆಲ್ಲ ಮೊದಲು ಅದನ್ನು ಒಪ್ಪಿಕೊಂಡೇ ಶುರುಮಾಡುತ್ತೇನೆ.

ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಂಜನಗೂಡಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ನನ್ನ ಸುಪರ್ದಿಯಲ್ಲಿತ್ತು. ನಮ್ಮ ವೆಬ್‌ಸೈಟು ಓಡುತ್ತಿದ್ದದ್ದು ಅಲ್ಲೇ ಮೂಲೆಯಲ್ಲಿದ್ದ ಸರ್ವರ್‌ನಿಂದ. ತಿ. ನರಸೀಪುರದ ನಮ್ಮ ಶಾಖೆಯಲ್ಲಿ ಗುಮಾಸ್ತೆಯಾಗಿದ್ದ ಹೆಣ್ಣುಮಗಳು ಸುತ್ತಲಿನ ಹಳ್ಳಿಯ ಹೆಂಗಸರಿಂದ ಸೋಬಾನೆ ಪದಗಳನ್ನು ಕೇಳಿ ಬರೆದುಕೊಂಡು, ವರ್ಷವಿಡೀ ಕೂತು ಹಾಡಿದವರ ಹೆಸರಿನ ಸಮೇತ ಕನ್ನಡದಲ್ಲಿ ಟೈಪ್ ಮಾಡಿ ಅದಕ್ಕೆ ಏರಿಸಿದ್ದರು. ಹಾಡಿದವರನ್ನೆಲ್ಲ ವಿಜಯದಶಮಿಯ ಬೆಳಿಗ್ಗೆ ಶಾಖೆಗೆ ಕರೆಸಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು.

ಆಯುಧಪೂಜೆಯ ಹಿಂದಿನ ದಿನ ಲ್ಯಾಬಿನ ಧೂಳು ಹೊಡೆದು, ಯಂತ್ರಗಳನ್ನೆಲ್ಲ ಒರೆಸಿದೆ. ಅದೇ ಹುರುಪಿನಲ್ಲಿ ಸರ್ವರ್‌ನ ಸಾಫ್ಟ್‌ವೇರಿಗೂ ಹೊಸ ಆವೃತ್ತಿ ಹಾಕಿಬಿಟ್ಟೆ. ನಡುವೆ ಅದೊಂದು ಪ್ರಶ್ನೆ ಕೇಳಿತು: ಹಳೆಯ ಸೆಟ್ಟಿಂಗ್ ಉಳಿಸಲೋ, ಹೊಸದು ಹಾಕಲೋ? ಹಬ್ಬದ ಹೊತ್ತಿನಲ್ಲಿ ಯಾರಾದರೂ ಹಳೆಯದು ಅನ್ನುತ್ತಾರೆಯೇ? ಹೊಸದು ಎಂದು ಒತ್ತಿ ಮನೆಗೆ ಹೋದೆ. ಮಾರನೆಯ ದಿನ ಸರ್ವರ್‌ಗೂ ವಿಭೂತಿ, ಕುಂಕುಮ, ಚೆಂಡುಹೂವು. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟಬಾರದಲ್ಲ, ಕೀಬೋರ್ಡಿಗೆ ಕೈ ಹಚ್ಚಲಿಲ್ಲ. ವೆಬ್‌ಸೈಟು ಹೇಗಿದೆಯೆಂದು ಯಾರೂ ನೋಡಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಲ್ಯಾಬಿಗೆ ಕಾಲಿಡುತ್ತಿದ್ದಂತೆ ಫೋನು ಬಡಿದುಕೊಂಡಿತು. ಆ ಕಡೆ ಗುಮಾಸ್ತೆ.

“ಸಾ, ಎಲ್ಲಾ ಹಾಳಾಗೋಯ್ತು! ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ ಎರಡರ ಅಂಕಿ, ಪುಟದ ತುಂಬಾ ಅದೇ ಸಾ. ಆರು ಜನ ಅವ್ವಂದಿರು ಬಂದು ಕೂತವ್ರೆ. ಏನೇಳ್ಲಿ ಅವ್ರಿಗೆ?”

ಹಿಂದಿನಿಂದ ಮುದುಕಿಯೊಬ್ಬರ ದನಿ ಕೇಳಿಸಿತು: “ಯಾಕವ್ವಾ, ನಮ್ ಪದ ಎಲ್ಲೋದೋ?”

ಒಂದು ವರ್ಷದ ದುಡಿಮೆ! ಫೋನ್ ಇಡಬೇಡಿ ಎಂದು ಹೇಳಿ, ಚೆಂಡುಹೂವನ್ನು ಪಕ್ಕಕ್ಕೆ ಸರಿಸಿ ಕೂತೆ. ಹಾಡಿನ ಒಂದು ಕಡತವನ್ನು ಸರ್ವರ್ ಸಾಫ್ಟ್‌ವೇರಿನ ಹಂಗಿಲ್ಲದೆ ನೇರವಾಗಿ ಡಿಸ್ಕಿನಿಂದ ತೆರೆದೆ. ಕನ್ನಡ! ಒಂದು ಕೊಂಬೂ ಮುಕ್ಕಾಗಿರಲಿಲ್ಲ. ಹಾಗಾದರೆ ಪದಗಳು ಕ್ಷೇಮ, ಅವನ್ನು ಕಳಿಸುವ ಸಾಫ್ಟ್‌ವೇರೇ ಎಡವಟ್ಟು ಮಾಡುತ್ತಿದೆ. ಬೇಟೆಯ ವಾಸನೆ ಹತ್ತಿದ ಹಾಗಾಯಿತು ನನಗೆ. ಪುಣ್ಯಕ್ಕೆ ಹಳೆಯ ಸೆಟ್ಟಿಂಗ್ ಕಡತ ಬೇರೆ ಹೆಸರಿನಲ್ಲಿ ಅಲ್ಲೇ ಬಿದ್ದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುತ್ತ ಹೋದೆ.

ಸಿಕ್ಕಿಬಿತ್ತು! ಹೊಸ ಕಡತದಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ ಇತ್ತು: ಎಲ್ಲ ಪುಟಗಳನ್ನೂ ಯುರೋಪಿನ ಅಕ್ಷರಗಳೆಂದೇ ತಿಳಿದು ಓದಿ ಎಂಬ ಆಜ್ಞೆ. ನಮ್ಮ ಹೆಂಗಸರ ಹಾಡಿಗೂ ಯುರೋಪಿಗೂ ಎತ್ತಣ ಸಂಬಂಧ! ಆ ಸಾಲನ್ನು ಅಳಿಸಿ, ಸರ್ವರ್ ನಿಲ್ಲಿಸಿ, ಮತ್ತೆ ಶುರುಮಾಡಿದೆ. ನನ್ನ ಪರದೆಯಲ್ಲಿ ಕನ್ನಡ ಕಾಣಿಸಿಕೊಂಡಿತು. “ಬಂತು!” ಎಂದು ಕೂಗಿದೆ.

“ಇಲ್ಲ ಸಾ, ಇಲ್ಲಿ ಹಂಗೇ ಐತೆ.”

ದೇವರೇ! ಬೆವರು ಒರೆಸಿಕೊಂಡು ಯೋಚಿಸಿದೆ. ಅವರ ಕಂಪ್ಯೂಟರು ಮೊದಲು ಕಂಡ ಕೆಟ್ಟ ಪುಟವನ್ನೇ ಜೋಪಾನವಾಗಿ ಇಟ್ಟುಕೊಂಡು ಮತ್ತೆ ಮತ್ತೆ ತೋರಿಸುತ್ತಿತ್ತು. “ಕಂಟ್ರೋಲ್ ಒತ್ತಿಕೊಂಡೇ ಎಫ್ ಐದು ಒತ್ತಿ,” ಎಂದೆ.

ಆ ಕಡೆ ಹೋ ಎಂದು ಗದ್ದಲವೆದ್ದಿತು. ಗುಮಾಸ್ತೆ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ನಾನಂತೂ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಆ ಮುದುಕಿಗೆ ಓದು ಬಾರದು. “ನನ್ನೆಸ್ರು ಎಲ್ಲೈತೆ, ಬೆರಳಿಟ್ಟು ತೋರ್ಸು,” ಎಂದು ತೋರಿಸಿಕೊಂಡರು. ಆಮೇಲೆ ಫೋನನ್ನು ತಾವೇ ಇಸಕೊಂಡರು.

“ಇದು ನಂಜನಗೂಡ್ನಲ್ಲೂ ಕಾಣ್ತದಾ, ಮಗ?”

“ಕಾಣ್ತಾ ಇದೆ ಅವ್ವಾ, ನನ್ನ ಕಣ್ಣ ಮುಂದೇ ಇದೆ.”

“ನನ್ ಮಗಳ್ನ ಕೊಟ್ಟಿರೋದು ಅಲ್ಲೇ ಕಣಪ್ಪ. ಅವಳ್ ಮದ್ವೇಲಿ ಹಾಡಿದ್ ಪದ ಇದು. ಅವಳ್ಗೂ ಕಾಣ್ತದಾ?”

ಯಾವ ಬೀದಿ ಎಂದು ಕೇಳಿಕೊಂಡು, ಅವರ ಮಗಳನ್ನು ಕರೆತರಲು ಲ್ಯಾಬಿಗೆ ಬೀಗವನ್ನೂ ಹಾಕದೆ ಸ್ಕೂಟರ್ ಹತ್ತಿದೆ.