ತಾತನ ಗಡಿಯಾರ ಹಿಡಿದು ಅಲೆದದ್ದು

ನನಗೆ ಡಿಗ್ರಿ ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಒಂದು ಸಲ ಅಲ್ಲ, ಮನೆಗೆ ಬಂದವರ ಮುಂದೆಲ್ಲ ಅನ್ನುತ್ತಿದ್ದರು. "ಗಡಿಯಾರ ಕೆಡಿಸಿದ ಕೈ ಕಣ್ರೀ ಇದು. ಇದಕ್ಕೆಲ್ಲಿ ಡಿಗ್ರಿ ಬತ್ತದೆ?"

ಆ ಗಡಿಯಾರ ತಾತನದು. ಅವರು ಲಿಂಗದಹಳ್ಳಿ ಮೇಲಿನ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದಾಗ, ತೋಟ ಮಾರಿ ತನ್ನ ದೇಶಕ್ಕೆ ಹೊರಟ ಬಿಳಿ ದೊರೆ ಕೊಟ್ಟುಹೋದದ್ದು. ಜೇಬಿನಲ್ಲಿಡುವಂಥದು. ತಾರೀಖು ತೋರಿಸುತ್ತಿತ್ತು, ಚಂದ್ರ ಎಷ್ಟು ಬೆಳೆದಿದ್ದಾನೆಂದು ತೋರಿಸುತ್ತಿತ್ತು, ಪಕ್ಕದ ಸಣ್ಣ ಕೀಲು ಸರಿಸಿದರೆ ಟಿಣ್ ಟಿಣ್ ಎಂದು ಹೊಡೆದು ಗಂಟೆ ಎಷ್ಟೆಂದು ಹೇಳುತ್ತಿತ್ತು. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಆಯುಧಪೂಜೆಯ ದಿನ, ಯಾರೂ ಇಲ್ಲವೆಂದುಕೊಂಡು ಆ ಕೀಲು ಸರಿಸಿ ಕೇಳಿದೆ. ದೊಡ್ಡಮ್ಮ ನೋಡಿಬಿಟ್ಟರು. ನಾಲ್ಕು ದಿನಕ್ಕೆ ಗಡಿಯಾರ ನಿಂತಿತು. ಅಲ್ಲಿಗೆ ತೀರ್ಪಾಯಿತು. ಅಪ್ಪ ಇರಲಿಲ್ಲ, ನಾನು ಬೆಳೆದದ್ದೇ ಬುಕ್ಕಾಂಬುಧಿ ಹತ್ತಿರ ದೊಡ್ಡಪ್ಪನ ಮನೆಯಲ್ಲಿ. ಎದುರಾಡುವ ಹಾಗಿರಲಿಲ್ಲ. ಬರಬರುತ್ತಾ ನನ್ನ ಕೈಯೇ ಕೆಟ್ಟದ್ದೆಂದು ನಾನೂ ನಂಬಿದೆ.

ಪಿಯುಸಿ ಆದಮೇಲೆ ಕಡೂರಿನ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾದೆ. ಹಗಲೆಲ್ಲ ಚೀಲಗಳ ಮೇಲೆ ಗುರುತು ಬರೆಯುವುದು, ಬೆಳಗಿನ ಜಾವ ಎದ್ದು ಓದುವುದು. ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿ.ಎ. ಕಟ್ಟಿದ್ದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಕಾಲೇಜಿನ ಅರ್ಜಿ ತುಂಬಿದವರೂ ಇರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಹೋಯಿತು. ಎರಡನೆಯ ಸಲ ಸುದ್ದಿ ಹೇಳಲು ಊರಿಗೆ ಹೋದಾಗ ದೊಡ್ಡಪ್ಪ ಟ್ರಂಕು ತೆಗೆದು ಗಡಿಯಾರವನ್ನು ನನ್ನ ಮುಂದಿಟ್ಟರು.

"ಇದು ಓಡಿದ ದಿನ ನೀನು ಪಾಸಾಗ್ತೀಯ ಕಣೋ. ತಗೊಂಡೋಗು."

ತೆಗೆದುಕೊಂಡು ಹೋದೆ. ಹಟಕ್ಕೆ ಎಂದರೆ ಸುಳ್ಳಾದೀತು. ಆ ಮಾತು ಕೇಳಿ ಕೇಳಿ ಸಾಕಾಗಿತ್ತು, ಅಷ್ಟೆ.

ಕಡೂರಿನ ಬಸ್ ಸ್ಟ್ಯಾಂಡಿನ ವಾಚ್ ರಿಪೇರಿಯವನು ಮುಚ್ಚಳ ಎತ್ತಿ ನೋಡಿ ಹಾಗೇ ಮುಚ್ಚಿದ. "ಬಿಚ್ಚೋದು ಬಿಚ್ತೀನಿ ಸಾರ್, ಜೋಡಿಸೋದು ನೀವೇ." ತರೀಕೆರೆಯಲ್ಲಿ ಒಬ್ಬರು ಇಟ್ಟುಕೊಂಡರು. ಆರು ಭಾನುವಾರ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಐದು ಸಲ "ಮುಂದಿನ ವಾರ ಬಾ" ಅಂದರು. ಆರನೆಯ ಸಲ ಡ್ರಾಯರಿನಿಂದ ತೆಗೆದು ವಾಪಸು ಕೊಟ್ಟರು; ಕರವಸ್ತ್ರಕ್ಕೆ ನಾನು ಹಾಕಿಕೊಟ್ಟಿದ್ದ ಗಂಟು ಬಿಚ್ಚಿರಲೇ ಇಲ್ಲ.

"ಅಜ್ಜಂಪುರದಲ್ಲಿ ಒಬ್ಬ ಮುದುಕಪ್ಪ ಇದ್ದ, ರೈಲ್ವೆ ಗಡಿಯಾರ ನೋಡ್ಕೋತಿದ್ದ. ಬದುಕಿದ್ರೆ ಕೇಳು."

ಅಜ್ಜಂಪುರ ನಮ್ಮೂರಿನವರು ಸಂತೆಗೆ ಹೋಗುವ ಜಾಗ. ಚಿಕ್ಕಂದಿನಿಂದ ನಾನು ಅಲೆದ ಬೀದಿಗಳು. ಅಲ್ಲಿ ಬೋರ್ಡಿಲ್ಲದ ಮನೆಯಲ್ಲಿ ಆ ಮುದುಕರು ಇಷ್ಟು ವರ್ಷ ಕೂತಿದ್ದರು, ಬದುಕಿಯೇ ಇದ್ದರು. ಅವರದೊಂದು ಕಟ್ಟುಪಾಡು: ಕಿಟಕಿಯ ಬಿಸಿಲು ಮೇಜಿನ ಮೇಲಿರುವಷ್ಟು ಹೊತ್ತು ಮಾತ್ರ ಕೆಲಸ. ಬಲ್ಬಿನ ಬೆಳಕಿನಲ್ಲಿ ಚಿಮಟ ಮುಟ್ಟುತ್ತಿರಲಿಲ್ಲ. ಮೊದಲ ದಿನ ರೈಲು ತಡವಾಗಿ, ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಬಿಸಿಲು ನೆಲಕ್ಕಿಳಿದಿತ್ತು. "ನಾಳೆ ಬಾರಪ್ಪ." ಮಂಡಿಗೆ ಇನ್ನೊಂದು ರಜೆ ಹಾಕಿದೆ.

ಮರುದಿನ ಮುಚ್ಚಳ ತೆಗೆದವರು ನೋಡುವ ಮೊದಲು ಮೂಸಿದರು.

"ಏನಪ್ಪಾ, ಇದಕ್ಕೆ ಒಗ್ಗರಣೆ ಹಾಕಿದ್ದೀರಾ?"

"ಯಾಕೆ ಸ್ವಾಮಿ?"

"ಕೊಬ್ಬರಿ ಎಣ್ಣೆ ಕಣಯ್ಯಾ! ಅಂಟಾಗಿ ಕೂತದೆ. ಮೇಲೆ ವಿಭೂತಿ ಬೇರೆ."

ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಪ್ರತಿ ಆಯುಧಪೂಜೆಗೂ ದೊಡ್ಡಪ್ಪ ಮಿಂದು ಮಡಿಯುಟ್ಟು, ಕುಡುಗೋಲು, ನೇಗಿಲಿನ ಗುಳಗಳ ಸಾಲಿನಲ್ಲಿ ಗಡಿಯಾರವನ್ನೂ ಇಟ್ಟು, ಚಾಕುವಿನ ತುದಿಯಿಂದ ಅದರ ಬೆನ್ನಿನ ಮುಚ್ಚಳ ಎಬ್ಬಿಸಿ ಒಳಗೊಂದು ತೊಟ್ಟು ಎಣ್ಣೆ ಬಿಡುತ್ತಿದ್ದರು. ಗುಳಕ್ಕೆ ಸವರಿದ ಎಣ್ಣೆಯೇ. ಆಮೇಲೆ ಮೂರು ಬೆರಳಿನ ವಿಭೂತಿ.

"ಹುಡುಗರು ಕೀಲು ಸರಿಸಿದರೆ ಹೀಗಾಗುತ್ತದಾ?" ಎಂದು ಕೇಳಿದೆ.

"ಕೀಲು ಇರೋದೇ ಸರಿಸೋಕೆ. ಒಂದು ಹಲ್ಲೂ ಮುರಿದಿಲ್ಲ ನೋಡು. ಇದು ಭಕ್ತಿಯಿಂದ ಕೆಟ್ಟಿರೋದು."

ಬಿಡಿಬಿಡಿಯಾಗಿ ಬಿಚ್ಚಿ ತೊಳೆದು ಜೋಡಿಸಲು ನಾಲ್ಕು ತಿಂಗಳು ತೆಗೆದುಕೊಂಡರು. ಓಡುವ ಗಡಿಯಾರ ಕೈಗೆ ಬಂದರೂ ನಾನು ಊರಿಗೆ ಒಯ್ಯಲಿಲ್ಲ. ಜೇಬಿನಲ್ಲಿಟ್ಟುಕೊಂಡೇ ಮೂರನೆಯ ಸಲ ಇಂಗ್ಲಿಷ್ ಪರೀಕ್ಷೆ ಬರೆದೆ. ಪಾಸಾದೆ. ಪದವಿ ಪತ್ರ ಮಂಡಿಯ ವಿಳಾಸಕ್ಕೆ ಅಂಚೆಯಲ್ಲಿ ಬಂದ ವಾರವೇ ಎರಡನ್ನೂ ಹಿಡಿದು ಊರಿಗೆ ಹೋದೆ.

ದೊಡ್ಡಪ್ಪ ಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ವಿಭೂತಿ ತಟ್ಟೆ. ನಾನು ಕೀಲು ಸರಿಸಿದೆ. ಗಡಿಯಾರ ಎಂಟು ಹೊಡೆಯಿತು. ಒಳಗಿದ್ದ ದೊಡ್ಡಮ್ಮ ಹೊಸ್ತಿಲಿಗೆ ಬಂದು ನಿಂತರು.

"ಏನಾಗಿತ್ತಂತೆ?" ಅಂದರು ದೊಡ್ಡಪ್ಪ.

ಇದಕ್ಕೆ ಉತ್ತರವನ್ನು ಎಷ್ಟೋ ರೈಲುಗಳಲ್ಲಿ ಕೂತು ಜೋಡಿಸಿದ್ದೆ. ದೊಡ್ಡ ಉತ್ತರ. ಆ ಹೊತ್ತಿಗೆ ಅದನ್ನೆಲ್ಲ ಆಡುವ ತ್ರಾಣ ಉಳಿದಿರಲಿಲ್ಲ.

"ಒಳಗೆ ಕೊಬ್ಬರಿ ಎಣ್ಣೆ ಇತ್ತಂತೆ ದೊಡ್ಡಪ್ಪ. ನನ್ನ ಕೈಯಿಂದ ಆದದ್ದಲ್ಲವಂತೆ."

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಪದವಿ ಪತ್ರ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟೆ. ಓದು ಬಾರದವರು, ಮುದ್ರೆಯನ್ನೇ ಬಹಳ ಹೊತ್ತು ನೋಡಿದರು. ಅಭ್ಯಾಸಬಲದಿಂದ ಬಲಗೈ ತಟ್ಟೆಗೆ ಹೋಯಿತು, ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿತು. ಕಾಗದದ ಹತ್ತಿರ ತಂದವರು ನಿಲ್ಲಿಸಿ, ಬೆರಳನ್ನು ಹೆಗಲ ಟವೆಲ್ಲಿಗೆ ಒರೆಸಿಕೊಂಡರು.

"ಬ್ಯಾಡ ಕಣಪ್ಪ, ಇದಕ್ಕೆ ನಾನೇನೂ ಹಚ್ಚಲ್ಲ," ಅಂದರು. "ಓಡ್ತಾ ಇರೋದು ಓಡ್ಲಿ."